ಎಸಳಿನ ತಿರುವು

"ಹಾಗೆ ನೋಡ್ಬೇಡಿ, ಹೂವು ಸೊಟ್ಟ ಆಗುತ್ತೆ," ಎಂದಳು ಪುಟ್ಟಿ, ಬಟ್ಟಲಿನ ಅಂಚಿಗೆ ಕುಂಚ ಎಳೆಯುತ್ತ.

"ಆಗ್ಲಿ ಬಿಡಿ. ಸೊಟ್ಟ ಹೂವೂ ನೋಡೋ ಹಾಗೇ ಇರುತ್ತೆ," ಎಂದ ಎಂಜಿನಿಯರ್.

ಪಿಂಗಾಣಿ ಕಾರ್ಖಾನೆಯ ಬಣ್ಣದ ಕೋಣೆಯಲ್ಲಿ ಕೂತಿದ್ದ ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಪುಟ್ಟಿಯ ಕಿವಿ ಕೆಂಪಾಯಿತು. ದೂರದಿಂದ ಬಂದ ಗಂಡಸು ತನ್ನೆದುರು ಸ್ಟೂಲ್ ಹಾಕಿಕೊಂಡು, ಗಲ್ಲಕ್ಕೆ ಕೈಕೊಟ್ಟು ಕೂತರೆ ಯಾವ ಹುಡುಗಿಯ ಎದೆ ತಾನೇ ನೆಟ್ಟಗೆ ಬಡಿದೀತು? ಹೊಸ ಮಾಲೀಕರು ಅವನನ್ನು ಕರೆಸಿದ್ದು ಭಟ್ಟಿ ರಿಪೇರಿಗೆ ಎಂದು ಎಲ್ಲರೂ ನಂಬಿದ್ದರು. ಅವನೂ ಅಲ್ಲ ಎನ್ನಲಿಲ್ಲ.

"ಹುಷಾರು ಕಣೇ," ಎಂದಳು ಪಕ್ಕದ ಬೆಂಚಿನ ಅಕ್ಕ. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ತಂಗಿಯನ್ನು ಸಾಕಿ, ಕುಂಚ ಹಿಡಿಯಲು ಕಲಿಸಿದವಳು ಅವಳೇ.

"ನಿಂಗೆ ಹೊಟ್ಟೆಕಿಚ್ಚು. ನಿನ್ನ ಯಾರೂ ಹೀಗೆ ನೋಡ್ಲಿಲ್ಲವಲ್ಲ!"

ಅಕ್ಕ ಆ ದಿನ ಊಟ ಬಿಟ್ಟಳು.

ಅವನು ಫೋನಿನಲ್ಲಿ ವಿಡಿಯೋ ಮಾಡಿಕೊಂಡ. "ಎಸಳು ತಿರುಗಿಸ್ತೀಯಲ್ಲ, ಇನ್ನೊಂದ್ಸಲ. ನಿಧಾನಕ್ಕೆ. ನಂಗೋಸ್ಕರ." ಮಣಿಕಟ್ಟು ಎಲ್ಲಿ ಸಡಿಲ ಬಿಡಬೇಕು, ಉಸಿರು ಎಲ್ಲಿ ಹಿಡಿಯಬೇಕು, ಎಲ್ಲವನ್ನೂ ಪುಟ್ಟಿ ತೋರಿಸಿದಳು. ಮನಸ್ಸನ್ನೇ ಕೊಟ್ಟ ಮೇಲೆ ಕಸುಬನ್ನು ಬಚ್ಚಿಡುವುದುಂಟೇ?

ಯಂತ್ರ ಬಂದ ದಿನ ಬೆಂಚುಗಳನ್ನು ಹೊರಗೆ ಹಾಕಿದರು, ಹೆಂಗಸರನ್ನೂ. ಕಬ್ಬಿಣದ ತೋಳೊಂದು ಬಟ್ಟಲಿನ ಅಂಚಿಗೆ ಪುಟ್ಟಿಯ ಹೂವನ್ನೇ ಬರೆಯುತ್ತಿತ್ತು. ಎಸಳು ತಿರುಗುವಲ್ಲಿ ಅವಳ ಹಾಗೆಯೇ ಒಂದಿಷ್ಟು ತಡೆಯುತ್ತಿತ್ತು. ಅಕ್ಕ ಅದನ್ನು ನೋಡಿದಳು, ತಂಗಿಯನ್ನು ನೋಡಿದಳು, ಹೊರಟುಹೋದಳು.

ಗೇಟಿನ ಬಳಿ ಅವನು ನಗುತ್ತ ಬಂದ. "ನೋಡಿದ್ಯಾ? ಪೂರ್ತಿ ನಿನ್ ಕೈಯೇ!"

"ನಮ್ಮ ಹೊಟ್ಟೆ ಮೇಲೆ ಹೊಡೆಯೋಕಾ ನನ್ನ ನೋಡ್ತಾ ಕೂತಿದ್ದು?"

"ಕೆಲಸ ಕೆಲಸವೇ. ಆದ್ರೆ ನೀನಂದ್ರೆ ನಿಜವಾಗ್ಲೂ ಇಷ್ಟ. ಮದುವೆ ಆಗೋಣ, ನನ್ಜೊತೆ ಬಾ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಇಷ್ಟೆಲ್ಲ ಆದ ಮೇಲೂ ಅವಳ ಹಾಳು ಮನಸ್ಸು ಹೂಂ ಎನ್ನಲು ತುದಿಗಾಲಲ್ಲಿ ನಿಂತಿತ್ತು.

"ಎಲ್ಲಿಗೆ?"

"ಘಟ್ಟದಾಚೆ ಒಂದು ಗಾಜಿನ ಕಾರ್ಖಾನೆ ಇದೆ. ಅಲ್ಲಿ ಗಾಜು ಕೆತ್ತೋ ಹುಡುಗಿ ಯಾರಿಗೂ ಕೆಲಸ ತೋರಿಸಲ್ಲ. ನನ್ನ ಹತ್ರಕ್ಕೂ ಬಿಟ್ಕೊಳ್ಳಲ್ಲ." ಪುಟ್ಟಿಯ ಮುಂಗುರುಳನ್ನು ಮೆಲ್ಲಗೆ ಕಿವಿಯ ಹಿಂದೆ ಸರಿಸಿದ. "ನೀನಾದ್ರೆ ಸ್ನೇಹ ಮಾಡ್ಕೋಬಹುದು. ನೀವಿಬ್ರೂ ಕೈಕಸುಬಿನವರು, ನಂಬ್ತಾಳೆ."

ಪುಟ್ಟಿಗೆ ಅಸಹ್ಯವಾಯಿತು. ಅವನ ಮೇಲೆ ಆಗಬೇಕಿತ್ತು. ಆದದ್ದು ತನ್ನ ಮೇಲೆ. ಕಿವಿಯ ಹಿಂದೆ ಅವನ ಬೆರಳು ತಾಗಿದ ಜಾಗ ಇನ್ನೂ ಬೆಚ್ಚಗಿತ್ತು.

"ಬಟ್ಟೆ ತಗೊಂಡು ಬರ್ತೀನಿ," ಎಂದಳು. "ಬಸ್ಸು ಬಂದ್ರೆ ನಿಲ್ಸಿ."