ಕೊಡೆ ಅಂಗಡಿಯ ಮೇಲ್‌ಗಳು ಹೋದದ್ದೆಲ್ಲಿಗೆ?

"ನಮ್ಮ ಅಂಗಡಿಗೆ ಮನೆಯವರೇ ಕನ್ನ ಹಾಕಿದಾರೆ ಮೇಡಂ. ಬೇರೆ ಯಾರೂ ಅಲ್ಲ, ನನ್ನ ಸ್ವಂತ ತಂಗಿ!"

ಕುರ್ಚಿಯಲ್ಲಿ ಕೂರುವ ಮೊದಲೇ ಆ ಮನುಷ್ಯ ಇಷ್ಟು ಹೇಳಿ ಮುಗಿಸಿದ. ನಾಲ್ಕು ಬೀದಿಯಾಚೆಯ ಕೊಡೆ ಅಂಗಡಿಯ ಯಜಮಾನರ ಮಗ. ಮೂಗಿನ ತುದಿಯಲ್ಲೇ ಕೋಪ. ಕೆಲಸಗಾರರು ಬೆನ್ನ ಹಿಂದೆ ಅವನನ್ನು ಸಿಡುಕಣ್ಣ ಎನ್ನುತ್ತಿದ್ದರಂತೆ. ಆ ಹೆಸರು ಎಷ್ಟು ಸರಿ ಎಂಬುದು ನನಗೆ ಅರ್ಧ ನಿಮಿಷದಲ್ಲೇ ತಿಳಿಯಿತು.

ನನ್ನ ಅತ್ತಿಗೆ ಅವನ ಮುಂದೆ ನೀರಿನ ಲೋಟ ಸರಿಸಿದರು. ದರ್ಜಿ ಅಂಗಡಿಯ ಮಹಡಿಯ ಎರಡು ಕೋಣೆಗಳೇ ಅವರ ಪತ್ತೇದಾರಿ ಕಚೇರಿ. ಮೈದುನನಾದ ತಪ್ಪಿಗೆ ನಾನು ಅವರ ಸಹಾಯಕ. ಅಲ್ಲಿ ನನಗೆ ಸಂಬಳಕ್ಕಿಂತ ಬೈಗುಳವೇ ಹೆಚ್ಚು. ಆದರೂ ಅವರ ತಲೆ ಓಡುವುದನ್ನು ಪಕ್ಕದಲ್ಲೇ ಕೂತು ನೋಡುವ ಸುಖಕ್ಕೆ ನಾನು ಇನ್ನಷ್ಟು ಬೈಸಿಕೊಳ್ಳಲೂ ಸಿದ್ಧ.

ಸಿಡುಕಣ್ಣ ಹೇಳಿದ ಸಂಗತಿ ಇದು. ಅಂಗಡಿಯ ವ್ಯಾಪಾರವೆಲ್ಲ ಅವನ ತಂಗಿ ಬರೆಯುವ ಇ-ಮೇಲ್‌ಗಳ ಮೇಲೆ ನಿಂತಿತ್ತು. ಆಕೆ ಹೊಸ ಕೊಡೆಗಳ ಸುದ್ದಿಯನ್ನು ಎಷ್ಟು ಚಂದ ಬರೆಯುತ್ತಾಳೆಂದರೆ, ಮನೆಯಲ್ಲಿ ನಾಲ್ಕು ಕೊಡೆ ಇದ್ದವರೂ ಐದನೆಯದಕ್ಕೆ ಬರುತ್ತಿದ್ದರು. ಈ ಮಳೆಗಾಲಕ್ಕೆ ಮೊದಲು ಎರಡು ಮೇಲ್ ಹೊರಟಿದ್ದವು. ಮೊದಲನೆಯದು ತಲುಪಿತು. ರಿಯಾಯಿತಿ ಸಾರುವ ಎರಡನೆಯದು ಗ್ರಾಹಕರೆಲ್ಲರ ಸ್ಪ್ಯಾಮ್ ಪೆಟ್ಟಿಗೆಗೆ, ಅಂದರೆ ಮೇಲ್‌ಗಳ ಕಸದ ಬುಟ್ಟಿಗೆ ಬಿದ್ದಿತ್ತು. ಕೊಡೆಗಳು ಅಟ್ಟ ಮುಟ್ಟಿದ್ದವು. ಅಂಗಡಿಯಲ್ಲಿ ನರಪಿಳ್ಳೆ ಇಲ್ಲ.

"ಅವಳು ಪಕ್ಕದ ಬೀದೀಲಿ ಕೋಣೆ ಬಾಡಿಗೆಗೆ ಕೇಳಿದಾಳೆ. ನಮ್ಮದನ್ನ ಮುಳುಗಿಸಿ ತನ್ನದನ್ನ ಶುರು ಮಾಡೋ ಹುನ್ನಾರ. ನೀವು ಪತ್ತೆ ಮಾಡಿ ಕೊಡಿ, ಸಂಜೆ ಅವಳ ಕೈಯಿಂದ ಬೀಗದ ಕೈ ಕಿತ್ಕೊಂಡು ಹೊರಗೆ ಕಳಿಸ್ತೀನಿ. ಮಾರ್ಕೆಟ್ಟಿನಲ್ಲಿ ಯಾರೂ ಅವಳಿಗೆ ಕೋಣೆ ಕೊಡದ ಹಾಗೆ ಮಾಡ್ತೀನಿ."

"ಸಂಜೆವರೆಗೂ ಬಾಯಿಗೆ ಬೀಗ ಹಾಕ್ಕೊಂಡಿರಿ," ಎಂದರು ಅತ್ತಿಗೆ. "ಆಮೇಲೆ ಉಳಿದ ಬೀಗದ ಮಾತು."

ಅಂಗಡಿಗೆ ಹೋದೆವು. ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ತಂಗಿ ಕೂತಿದ್ದಳು. ಕಣ್ಣು ಕೆಂಪಗಿದ್ದರೂ ಮಾತು ಗಟ್ಟಿಯಾಗಿತ್ತು.

"ಕೋಣೆ ಕೇಳಿದ್ದು ನಿಜವಾ?" ಅತ್ತಿಗೆ ಕೇಳಿದರು.

"ನಿಜ."

"ಮೇಲ್ ಹಾಳು ಮಾಡಿದ್ದು?"

ಆಕೆ ಉತ್ತರಿಸಲಿಲ್ಲ. ಇಲ್ಲ ಎಂದು ಒಂದು ಮಾತು ಹೇಳಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅತ್ತಿಗೆ ಒತ್ತಾಯಿಸದೆ ಕಂಪ್ಯೂಟರಿನ ಕಡೆ ತಿರುಗಿದರು. ಬಿಲ್ಲುಗಳ ಪುಟ ತೆರೆದರೆ ಅಕ್ಷರಗಳು ಎಂದಿನಂತೆ ಸಣ್ಣಗಿದ್ದವು. ಮೇಲ್ ಕಳಿಸುವ ಪುಟ ತೆರೆದರೆ ಒಂದೊಂದು ಅಕ್ಷರವೂ ಅವರೆಕಾಳಿನಷ್ಟು ದಪ್ಪ! ನಾನು ನಕ್ಕೆ, ಅತ್ತಿಗೆ ನಗಲಿಲ್ಲ.

ಮೊದಲನೇ ಮೇಲಿಗೆ ತಂಗಿ ಬರೆದಿಟ್ಟ ಕರಡನ್ನೂ ಗ್ರಾಹಕರಿಗೆ ಹೋದ ಪ್ರತಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದೆವು. ಕರಡಿನ ತಲೆಯಲ್ಲೇ 'ನಮ್ಮ ಮೇಲ್ ಬೇಡವೇ? ಇಲ್ಲಿ ಒಮ್ಮೆ ಒತ್ತಿದರೆ ಸಾಕು' ಎಂಬ ಗುಂಡಿಯಿತ್ತು. ಹೋದ ಪ್ರತಿಯಲ್ಲಿ ಅದು ಮಾಯ. ಇನ್ನೊಂದು ವಿಚಿತ್ರವೂ ಕಂಡಿತು. ಹೊಸ ಗ್ರಾಹಕರು ಯಾರೂ ಸೇರಿರದಿದ್ದರೂ ಮೇಲ್ ಪಡೆದವರ ಸಂಖ್ಯೆ ಒಮ್ಮೆಲೇ ಏರಿತ್ತು.

"ಅತ್ತಿಗೆ, ಎದುರಂಗಡಿಯೋರು ಇವರ ಹೆಸರಲ್ಲಿ ಕಳ್ಳ ಮೇಲ್ ಕಳಿಸಿರಬಹುದಾ?" ಎಂದೆ.

"ಜಾಣ ಕಣಪ್ಪ ನೀನು. ಆದ್ರೆ ಈ ಮೇಲ್‌ನಲ್ಲಿ ಇವರದೇ ಡಿಜಿಟಲ್ ಸಹಿ ಇದೆ, ಅದು ಪಕ್ಕಾ ಹೊಂದಿದೆ. ಹೊರಗಿನೋರಿಗೆ ಆ ಸಹಿ ಹಾಕೋಕಾಗಲ್ಲ."

ಹೊರಡುವಾಗ ಬಾಗಿಲ ಬಳಿ ಮುದಿ ಯಜಮಾನರು ಕೂತಿದ್ದರು. ದಪ್ಪ ಗಾಜಿನ ಕನ್ನಡಕ, ಬಾಯಿ ತುಂಬ ನಗು. ಅತ್ತಿಗೆ ಸುಮ್ಮನೆ ಒಂದು ನೀಲಿ ಕೊಡೆ ಮುಟ್ಟಿ ಕೆಳಗಿಟ್ಟರು. ಅಷ್ಟೇ ಸಾಕಾಯಿತು.

"ಒಂದ್ನಿಮಿಷ ತಾಯಿ! ನೀಲಿ ಬೇಡ ಅಂದ್ರೆ ಹಸಿರಿದೆ."

ಮೆಟ್ಟಿಲಿಳಿದೆವು. "ಅಮ್ಮಾ, ಮಡಚೋದು ತೋರಿಸ್ಲಾ?" ಬೀದಿಗೆ ಬಂದೆವು. ಅವರೂ ಹಿಂದೆಯೇ ಬಂದರು. "ಇವರಿಗಾದ್ರೂ ಒಂದು ಕರಿ ಕೊಡೆ?" ಕೊನೆಗೆ ನಾನು ಕರಿ ಕೊಡೆ ಕೊಂಡೇ ಹೊರಟೆ. ಆಗ ಸಿಡುಕಣ್ಣ ಒಳಗೆ ಇನ್ನೊಬ್ಬ ಗ್ರಾಹಕನಿಗೆ, "ಬೇಡ ಅಂದ್ರೆ ಬಿಡ್ರಿ, ಯಾರು ಬಲವಂತ ಮಾಡಿದ್ರು?" ಎನ್ನುತ್ತಿದ್ದ.

ಸಂಜೆ ಹಿಂದಿನ ಕೋಣೆಯಲ್ಲಿ, ಕೊಡೆಯ ಕಡ್ಡಿ ಹಿಡಿಕೆಗಳ ನಡುವೆ, ಅಪ್ಪ ಮಗ ಮಗಳನ್ನು ಕೂರಿಸಿಕೊಂಡು ಅತ್ತಿಗೆ ಮಾತು ಶುರು ಮಾಡಿದರು.

"ಸಾವಿರಾರು ಜನಕ್ಕೆ ಒಟ್ಟಿಗೆ ಮೇಲ್ ಕಳಿಸೋರಿಗೆ ಮೇಲ್ ಕಂಪನಿಗಳು ಕೆಲವು ಷರತ್ತು ಹಾಕ್ತಾವೆ. ಕಳಿಸಿದೋರು ನೀವೇ ಅನ್ನೋದಕ್ಕೆ ಸಹಿ ಬೇಕು. ಅದು ನಿಮ್ಮಲ್ಲಿ ಸರಿಯಿದೆ, ಹಾಗಾಗಿ ಕೆಲಸ ಒಳಗಿನೋರದ್ದೇ. ಆಮೇಲೆ, ಬೇಡ ಅನ್ನೋರಿಗೆ ಒಂದೇ ಸಲ ಒತ್ತಿ ಬಿಟ್ಟು ಹೋಗೋ ದಾರಿ ಕಾಣಬೇಕು. ಹೋದೋರಿಗೆ ಮತ್ತೆ ಕಳಿಸಬಾರದು. ದಾರಿ ಕಾಣದಿದ್ರೆ ಜನ ಏನು ಮಾಡ್ತಾರೆ? ಸ್ಪ್ಯಾಮ್ ಅಂತ ಒತ್ತಿ ದೂರು ಕೊಡ್ತಾರೆ. ಸಾವಿರ ಮೇಲಿಗೆ ಮೂರು ದೂರು ಬಂದ್ರೂ ಸಾಕು, ಕಂಪನಿ ನಿಮ್ಮನ್ನ ನಂಬೋದು ಬಿಡುತ್ತೆ. ಮೊದಲನೇ ಮೇಲಿಗೆ ಅದಕ್ಕಿಂತ ಎಷ್ಟೋ ಹೆಚ್ಚು ದೂರು ಬಂದಿದೆ. ಎರಡನೇದು ಕಸದ ಬುಟ್ಟಿಗೆ ಹೋಗಿದ್ದು ಅದಕ್ಕೇ."

"ಅದನ್ನೇ ಇವಳು ಬೇಕಂತ ಮಾಡಿದ್ದು!" ಸಿಡುಕಣ್ಣ ಎದ್ದು ನಿಂತ.

"ಕೂತ್ಕೊಳ್ಳಿ. ಗ್ರಾಹಕರನ್ನ ಕದಿಯೋಳು ಕೊಡೆ ಕೊಳ್ಳೋರನ್ನ ಒಯ್ತಾಳೆ. ಇಲ್ಲಿ ಆಗಿರೋದು ಉಲ್ಟಾ. ಬೇಡ ಅಂತ ಬಿಟ್ಟು ಹೋದೋರನ್ನೆಲ್ಲ ಯಾರೋ ಮತ್ತೆ ಸೇರಿಸಿದಾರೆ, ಇನ್ನು ಮುಂದೆ ಯಾರೂ ಹೋಗದಂಗೆ ಆ ಗುಂಡಿಯನ್ನೇ ಅಳಿಸಿಹಾಕಿದಾರೆ. ಇದು ದ್ವೇಷದ ಕೆಲಸ ಅಲ್ಲ. ಯಾರನ್ನೂ ಬಿಟ್ಟುಕೊಡೋಕೆ ಮನಸ್ಸು ಬಾರದೋರ ಕೆಲಸ. ನೀವಂತೂ ಅಲ್ಲ, ನೀವು ನಿಂತಿರೋ ಗ್ರಾಹಕನ್ನೇ ಓಡಿಸ್ತೀರಿ. ಇನ್ನು ಆ ಪುಟದಲ್ಲಿ ಮಾತ್ರ ಅಕ್ಷರ ದಪ್ಪ ಮಾಡಿದೋರು ಯಾರು? ನಿಮ್ಮಿಬ್ಬರ ಕಣ್ಣೂ ಚುರುಕಾಗಿದೆ."

ಕೋಣೆಯಲ್ಲಿದ್ದವರೆಲ್ಲ ದಪ್ಪ ಗಾಜಿನ ಕನ್ನಡಕದ ಕಡೆ ತಿರುಗಿದೆವು. ಯಜಮಾನರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವರ ಮುಖದಲ್ಲಿದ್ದ ನಗು ಇಳಿದುಹೋಯಿತು.

"ಮಗಳೇ ಕಂಪ್ಯೂಟರ್ ಕಲಿಸಿದ್ಲು," ಎಂದರು. "ನೋಡಿದ್ರೆ ನಮ್ಮ ಹಳೇ ಗಿರಾಕಿಗಳೆಲ್ಲ 'ಬಿಟ್ಟವರು' ಅನ್ನೋ ಕಡೆ ಬಿದ್ದಿದ್ರು. ನನ್ನ ಕೈಯಾರೆ ಕೊಡೆ ಕೊಟ್ಟೋರು. ಅವಳು ಇಷ್ಟು ಚಂದ ಬರೀತಾಳೆ, ಎಲ್ಲರೂ ಓದ್ಲಿ ಅಂತ... ನನ್ನಿಂದ್ಲೇ ಆಯ್ತಾ ಇದೆಲ್ಲ?"

"ಹೌದು ಯಜಮಾನ್ರೆ, ಆದ್ರೆ ಸರಿ ಹೋಗುತ್ತೆ," ಅತ್ತಿಗೆಯ ದನಿ ಮೆತ್ತಗಾಗಿತ್ತು. "ಬಿಟ್ಟೋರನ್ನ ಬಿಟ್ಟುಬಿಡಿ, ಆ ಗುಂಡಿಯನ್ನ ತಿರುಗಿ ಮೇಲ್‌ನ ತಲೆಯಲ್ಲೇ ಇಡಿ. ಮೊದಲು ಆಸೆಯಿಂದ ಓದೋರಿಗೆ ಮಾತ್ರ ಸ್ವಲ್ಪ ಸ್ವಲ್ಪ ಕಳಿಸಿ. ದೂರು ನಿಂತ್ರೆ ಕಂಪನಿಗೆ ನಂಬಿಕೆ ಮರಳುತ್ತೆ." ಮತ್ತೆ ತಂಗಿಯ ಕಡೆ ನೋಡಿ, "ಆ ದಪ್ಪ ಅಕ್ಷರ ನೋಡಿದ ದಿನವೇ ನಿನಗೆ ಗೊತ್ತಾಗಿತ್ತು, ಅಲ್ವೇನಮ್ಮ?" ಎಂದರು.

ಆಕೆ ತಲೆಯಾಡಿಸಿದಳು. ಅಪ್ಪನ ಹೆಸರು ಬರಬಾರದೆಂದು ಕಳ್ಳಿಯ ಪಟ್ಟ ಹೊತ್ತು ಕೂತಿದ್ದಳು! ಸಿಡುಕಣ್ಣ ಮುಖ ಎತ್ತಲಾರದೆ, "ನನ್ನ ಬಾಯಿಗೆ ಬೆಂಕಿ ಹಾಕ. ತಪ್ಪಾಯ್ತು ಕಣೇ," ಎಂದು ಗೊಣಗಿದ. ಆ ತಂಗಿಯ ದೊಡ್ಡ ಮನಸ್ಸನ್ನು ಅವಳ ಮೌನದಲ್ಲೇ ಓದಿದ್ದ ಅತ್ತಿಗೆಗೆ ಅಲ್ಲೇ ಕೈಮುಗಿಯಬೇಕೆನಿಸಿತು ನನಗೆ. ಮನೆಯಲ್ಲಿ ಇದನ್ನಿಟ್ಟುಕೊಂಡು ಗೋಳು ಹೊಯ್ದುಕೊಳ್ಳುತ್ತಾರೆಂದು ಸುಮ್ಮನಿದ್ದೆ.

"ಆದ್ರೆ ಅಣ್ಣ ಒಂದು ಮಾತು ಸುಳ್ಳು ಹೇಳ್ಲಿಲ್ಲ," ಎಂದಳು ತಂಗಿ. "ಕೋಣೆ ಕೇಳಿದೀನಪ್ಪ. ಕೊಡೆಗಲ್ಲ, ಚೀಲ ಹೊಲಿಯೋಕೆ. ನನ್ನದೇ ಒಂದು ಕೆಲಸ ಬೇಕು ಅನ್ನೋ ಆಸೆ. ಎಷ್ಟೋ ಸಲ ಹೇಳೋಕೆ ಬಂದೆ. ನೀನು ಪ್ರತಿಸಲ ಹೊಸ ಕೊಡೆ ತೋರಿಸೋಕೆ ಶುರು ಮಾಡ್ತಿದ್ದೆ."

ಯಜಮಾನರು ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡು ಮತ್ತೆ ತೆಗೆದರು. ಏನೋ ಹೇಳಲು ಹೊರಟು ಕಷ್ಟಪಟ್ಟು ನುಂಗಿಕೊಂಡದ್ದು ನಮಗೆಲ್ಲ ಕಂಡಿತು.

"ಆ ಕೋಣೇಲಿ ಬೆಳಕು ಚೆನ್ನಾಗಿದೆಯಾ?"

"ಇದೆ ಅಪ್ಪ. ಎರಡು ಕಡೆ ಕಿಟಕಿ."

"ಹೊಲಿಯೋಕೆ ಬೆಳಕು ಬೇಕು," ಎಂದರು ಅವರು. ಮಗಳ ಕೈ ಹಿಡಿದುಕೊಂಡು, "ಹೋಗಿ ಬಾ ಮಗಳೇ," ಎಂದರು, ಮತ್ತು ಆ ಕೈಯನ್ನು ಬಿಟ್ಟರು.