ನೆಲಮಾಳಿಗೆಗೆ ಬಂದ ಸಮುದ್ರ

ಹದಿನಾಲ್ಕು ವರ್ಷ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಆರಿನ್ ಹ್ಯಾಸ್ಕೆಟ್‌ಗೆ ಆ ಮನೆ ತನ್ನದಲ್ಲ ಎಂಬುದು ನೆನಪಾದದ್ದು, ಅಂಗಳದಲ್ಲಿ ‘ಮಾರಾಟಕ್ಕಿದೆ’ ಎಂಬ ಹಲಗೆ ನೆಟ್ಟ ದಿನ. ಮನೆಯೊಡತಿ ಸಿಗ್ರಿಡ್ ಹಾಗನ್ ಅವರಿಗೆ ಎಂಬತ್ತೆರಡು. ಮೆಟ್ಟಿಲು ಹತ್ತಲಾಗದೆ ತಂಗಿಯ ಮನೆಗೆ ಹೊರಟಿದ್ದರು.

ಗಲ್ ಕೋವ್ ಎಂಬ ಆ ಪುಟ್ಟ ಬಡಾವಣೆಗೆ ಸಿಯಾಟಲ್‌ನಿಂದ ಫೆರಿ ಹತ್ತಿ ಬರುವವರು, ಕಿಟಕಿಯಲ್ಲಿ ಸಮುದ್ರ ಕಂಡರೆ ಸಾಕು, ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟು ಹೋಗುತ್ತಿದ್ದರು. ಫೆರಿಕಟ್ಟೆಯಲ್ಲಿ ಟಿಕೆಟ್ ಹರಿಯುವ ಆರಿನ್‌ಗೆ ಬ್ಯಾಂಕಿನವರು ಕೊಡುತ್ತೇವೆಂದ ಸಾಲದಲ್ಲಿ ಅಡುಗೆಮನೆ, ನೆಲಮಾಳಿಗೆ ಸಿಗಬಹುದಿತ್ತು, ಕಿಟಕಿ ಸಿಗುತ್ತಿರಲಿಲ್ಲ. ಆ ಕಿಟಕಿಗಾಗಿ ಅವನು ಐವತ್ತೇಳನೆಯ ವಯಸ್ಸಿನಲ್ಲಿ ಅಪರಾಧಿಯಾಗಲು ನಿರ್ಧರಿಸಿದ. ಅಲ್ಲಿಯವರೆಗೆ ಮಾಡಿದ್ದ ದೊಡ್ಡ ತಪ್ಪೆಂದರೆ ಗ್ರಂಥಾಲಯದ ಪುಸ್ತಕವನ್ನು ಎರಡು ವಾರ ತಡವಾಗಿ ಹಿಂದಿರುಗಿಸಿದ್ದು. ಅದಕ್ಕೂ ಕ್ಷಮೆ ಕೋರಿ ಪತ್ರ ಬರೆದಿದ್ದ.

ಉಪಾಯ ಸರಳವಾಗಿತ್ತು. ಜೂನ್ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಒಂದಕ್ಕೆ ಮನೆ ನೋಡುವವರು ಬರುತ್ತಾರೆ. ಅಷ್ಟರೊಳಗೆ ನೆಲಮಾಳಿಗೆಯಲ್ಲಿ ಸಮುದ್ರದ ನೀರು ನಿಂತಿರಬೇಕು. ನಲ್ಲಿಯ ನೀರಾದರೆ ಯಾರಾದರೂ ಮೂಸಿ, ನೆಕ್ಕಿ ಕಂಡುಹಿಡಿದಾರು; ಉಪ್ಪುನೀರೇ ಬೇಕು. ಗೋಡೆಗೆ ಗೇಣೆತ್ತರದವರೆಗೆ ಕೆಸರಿನ ಗೆರೆ, ಕಂಬಕ್ಕೆ ಸುತ್ತಿಕೊಂಡ ಪಾಚಿ. ಉಬ್ಬರದ ನೀರು ಒಳಗೆ ನುಗ್ಗುವ ಮನೆಯೆಂದರೆ ಪಟ್ಟಣದವರು ಓಡುತ್ತಾರೆ, ಬೆಲೆ ಇಳಿಯುತ್ತದೆ. ಆಗ ಆರಿನ್ ಮುಂದೆ ಬಂದು, ಮುದುಕಿಯ ಮೇಲಿನ ಮಮತೆಗಾಗಿ ಆ ಹಾಳು ಮನೆಯನ್ನು ಕೊಳ್ಳುತ್ತಾನೆ. ತನ್ನ ಉದಾರತೆಯನ್ನು ಕಲ್ಪಿಸಿಕೊಂಡಾಗಲೆಲ್ಲ ಅವನಿಗೆ ಕಣ್ಣು ಒದ್ದೆಯಾಗುತ್ತಿತ್ತು. ಸಿಗ್ರಿಡ್‌ಗೆ ಆಗುವ ನಷ್ಟದ ಲೆಕ್ಕ ಮಾತ್ರ ಯಾಕೋ ಆ ಕಲ್ಪನೆಯೊಳಗೆ ಬರುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಸಿಗ್ರಿಡ್ ಕೆಳಗಿನಿಂದ ಕೂಗಿದರು.

“ಆರಿನ್! ಎದ್ದಿದ್ದೀಯೇನೋ? ಎಲ್ಲರೂ ಹೊರಟಿದ್ದೀವಿ, ಬರ್ತೀಯಾ?”

ಅವನು ಹೊದಿಕೆ ಎಳೆದುಕೊಂಡು ಗೊರಕೆ ಹೊಡೆದ. ಅಪರಾಧಿಯಾಗಿ ಅದು ಅವನ ಮೊದಲ ಅಭಿನಯ, ಸ್ವಲ್ಪ ಅತಿಯಾಯಿತೇನೋ.

“ಸರಿ, ಮಲಕ್ಕೋ ಮಾರಾಯ. ನಿನ್ನ ಬೂಟು ಬಾಗಿಲ ಹತ್ರ ಇಟ್ಟಿರ್ತೀನಿ.”

ಕೆಳಗಿಳಿದು ನೋಡಿದರೆ ಅವನ ರಬ್ಬರ್ ಬೂಟುಗಳು ತೊಳೆದು ಒರೆಸಿ ಹೊಸ್ತಿಲ ಬಳಿ ನಿಂತಿದ್ದವು. ಅನುಕೂಲವೇ ಆಯಿತು, ಹಾಕಿಕೊಂಡ. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಎಲ್ಲರೂ ಒಟ್ಟಾಗಿ ಚರ್ಚಿಗೆ ಹೋಗಿರಬೇಕು. ಅದೃಷ್ಟ ಧೈರ್ಯವಂತರ ಪರವಾಗಿದೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಕಷ್ಟವಾದದ್ದು ನೀರು ಹೊರುವುದು. ಹಿತ್ತಿಲ ಕೆಳಗಿನ ದಂಡೆಗಿಳಿದರೆ ಅಂದು ಬರೀ ಕೆಸರು. ಮುನ್ನೂರು ಹೆಜ್ಜೆ ನಡೆದ ಮೇಲೆ ಬಕೆಟ್ ಮುಳುಗುವಷ್ಟು ನೀರು ಸಿಕ್ಕಿತು. ದೂರದಲ್ಲಿ, ಸಮುದ್ರದೊಳಕ್ಕೆ ಚಾಚಿದ ನೆಲದ ತುದಿಯಲ್ಲಿ ಯಾರೋ ಬಗ್ಗಿಕೊಂಡಿದ್ದಂತೆ ಕಂಡಿತು. ತಲೆತಗ್ಗಿಸಿ ನಡೆದ. ಎರಡೆರಡು ಬಕೆಟ್‌ನಂತೆ ಒಂಬತ್ತು ಸಲ ಹೊತ್ತ. ಆರನೆಯ ಸಲಕ್ಕೆ ಸೊಂಟ ಹಿಡಿಯಿತು. ದುಷ್ಟರ ದಾರಿ ಸುಗಮವೆಂದು ಹೇಳುವವರು ಒಮ್ಮೆ ಬಂದು ಹೊತ್ತು ನೋಡಲಿ ಎನಿಸಿತು.

ಕೊನೆಯ ಕೈಚಳಕವೆಂದು ಒಂದು ಏಡಿಮರಿಯನ್ನೂ ತಂದು ಬಿಟ್ಟ. ಅದು ಮೂಲೆಗೆ ಹೋಗಿ ನಡುಗಿದಂತೆ ಕಂಡಾಗ ಮನಸ್ಸು ತಡೆಯದೆ, ಮರೆಗಿರಲಿ ಎಂದು ಒಂದು ಒದ್ದೆ ಚಿಂದಿಯನ್ನು ಅದರ ಮೇಲೆ ಹೊದಿಸಿದ.

ಒಂದಕ್ಕೆ ದಲ್ಲಾಳಿ ಪಾಲೆಟ್, ನಾಲ್ಕು ಜೋಡಿ ಗಿರಾಕಿಗಳೊಂದಿಗೆ ಬಂದಳು. ನೆಲಮಾಳಿಗೆಯ ಬಾಗಿಲು ತೆರೆದದ್ದೇ ತಡ, ನಾಲ್ಕು ಜೋಡಿಗಳೂ ಎರಡು ಗಂಟೆಯ ಫೆರಿಗೆ ಓಡಿದರು.

“ಅಯ್ಯೋ, ಇದೇನ್ರೀ ಇದು?” ಎಂದಳು ಪಾಲೆಟ್. “ಪೈಪ್ ಒಡೆದಿದ್ಯಾ?”

“ಪೈಪಲ್ಲ, ಸಮುದ್ರ,” ಎಂದ ಆರಿನ್, ಅಭ್ಯಾಸ ಮಾಡಿಟ್ಟ ದುಃಖದಿಂದ. “ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ, ಉಬ್ಬರದಲ್ಲಿ ನುಗ್ತು. ಕಣ್ಣಾರೆ ನೋಡಿದೆ.”

“ಇದನ್ನ ಮುಚ್ಚಿಡೋ ಹಾಗಿಲ್ಲ. ಬರೆದು ಸಹಿ ಹಾಕ್ತೀರಾ?”

ಅವನು ಸಂತೋಷವಾಗಿ ಸಹಿ ಹಾಕಿದ. ಗಂಟೆಯನ್ನೂ ನಮೂದಿಸಿದ, ವಿವರಗಳಿದ್ದರೆ ಜನ ನಂಬುತ್ತಾರೆ.

ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ ಬೀದಿಯವರ ಗದ್ದಲ ಕೇಳಿತು. ಎಲ್ಲರಿಗೂ ಮೊಳಕಾಲವರೆಗೆ ಕೆಸರು, ಕೈಯಲ್ಲಿ ಬಕೆಟ್. ಮುಂದೆ ಸಿಗ್ರಿಡ್, ಅವರ ತೋಳು ಹಿಡಿದು ಪಕ್ಕದ ಮನೆಯ ಡೆಲ್ಬರ್ಟ್ ನಡೆಸುತ್ತಿದ್ದ.

“ಸೋಮಾರಿ, ಎದ್ದೆಯಾ?” ಎಂದು ಸಿಗ್ರಿಡ್ ಕೆಸರಿನಿಂದ ಕೆದಕಿದ ಮರುವಾಯಿ ಚಿಪ್ಪುಮೀನು ತುಂಬಿದ ಬಕೆಟ್ಟನ್ನು ಅವನ ಕೈಗಿತ್ತರು. “ನಿನ್ನ ಪಾಲನ್ನೂ ನಾನೇ ಕೆದಕಿ ತಂದೆ. ಪಾಲೆಟ್, ನೀನು ಸಿಕ್ಕಿದ್ದು ಒಳ್ಳೇದಾಯ್ತು. ರಾತ್ರಿಯೆಲ್ಲ ಯೋಚನೆ ಮಾಡ್ದೆ ಕಣೆ. ಯಾರು ಎಷ್ಟೇ ಕೊಡ್ಲಿ, ಮೊದಲು ಆರಿನ್‌ನ ಕೇಳೋಣ, ಅವನ ಕೈಲಾದಷ್ಟಕ್ಕೆ ಕೊಟ್ಟುಬಿಡೋಣ ಅಂತ.”

ಪಾಲೆಟ್ ಸಹಿಯಾದ ಕಾಗದವನ್ನು ನೋಡಿದಳು, ಒಬ್ಬೊಬ್ಬರ ಕೆಸರುಗಾಲನ್ನೂ ನೋಡಿದಳು, ಆಮೇಲೆ ನೆಲಮಾಳಿಗೆಯ ಬಾಗಿಲ ಪಕ್ಕದ ಗೋಡೆಯ ಕಡೆ ತಿರುಗಿದಳು. ಅಲ್ಲಿ ತೂಗುತ್ತಿದ್ದದ್ದು, ಪ್ರತಿ ಹೊಸ ವರ್ಷಕ್ಕೂ ಆರಿನ್ ತನ್ನ ಕೈಯಾರೆ ಬರೆದು ಬೀದಿಯ ಒಂಬತ್ತು ಮನೆಗಳಿಗೂ ಹಂಚುವ ಉಬ್ಬರ-ಇಳಿತದ ಕ್ಯಾಲೆಂಡರ್. ಆ ಭಾನುವಾರದ ಸುತ್ತ ಅವನೇ ಎಳೆದ ಕೆಂಪು ವೃತ್ತ, ಕೆಳಗೆ ಅವನದೇ ಮುದ್ದಾದ ಅಕ್ಷರ: “ಬೆಳಿಗ್ಗೆ ಹನ್ನೊಂದು: ವರ್ಷದ ಅತಿ ದೊಡ್ಡ ಇಳಿತ. ಎಲ್ಲರೂ ಚಿಪ್ಪಿಗೆ ಹೊರಡಿ, ಬೂಟು ಮರೆಯಬೇಡಿ.”