ಹನ್ನೆರಡನೆಯ ತಿಂಗಳು

“ಹನ್ನೊಂದು ತಿಂಗಳು ಇರು, ಬ್ಯಾಡ ಅನ್ನಲ್ಲ. ಹನ್ನೆರಡಕ್ಕೆ ಕಾಲಿಡಬ್ಯಾಡ,” ಎಂದಳು ಕಮಲಕ್ಕ.

ಲಗೇಜ್ ಆಟೊದಿಂದ ಪಾತ್ರೆಯ ಚೀಲ ಇಳಿಸುತ್ತಿದ್ದ ನೇತ್ರಾವತಿ ನಕ್ಕುಬಿಟ್ಟಳು. ಅಕ್ಕ ಮದುವೆಯಾಗಿ ಹರಿಹರಕ್ಕೆ ಬಂದು ಇಪ್ಪತ್ತು ವರ್ಷವಾಗಿತ್ತು. ಈ ಸೀಮೆಯ ಮಾತಿನ ಜೊತೆಗೆ ಇಲ್ಲಿನ ಭಯಗಳನ್ನೂ ಕಲಿತುಬಿಟ್ಟಿದ್ದಾಳೆ ಅನ್ನಿಸಿತು.

“ನಗಬ್ಯಾಡ. ಈ ನಿಟ್ಟುವಳ್ಳಿ ಓಣೀಲಿ ಯಾರನ್ನಾದ್ರೂ ಕೇಳಿ ನೋಡು. ಈ ಹೊಸ್ತಿಲ ಕೆಳಗೆ ಮಾಟದ್ದು ಏನೋ ಐತೆ. ಆ ತಿಂಗಳಿಗೆ ಕಾಲಿಟ್ಟೋರು ಹೊರಗೆ ಬಂದಿಲ್ಲ.”

“ಹನ್ನೊಂದು ತಿಂಗಳ ಅಗ್ರಿಮೆಂಟ್ ಎಲ್ಲಾ ಊರಲ್ಲೂ ಇದ್ದಿದ್ದೇ ಕಣಕ್ಕ. ಜನ ಜಾಸ್ತಿ ದಿನ ಇರಬಾರದು ಅಂತ ಓನರ್‌ಗಳೇ ಕಟ್ಟಿರೋ ಕತೆ ಇದು,” ಎಂದ ನೇತ್ರಾವತಿ, ಬೇಕೆಂದೇ ಹೊಸ್ತಿಲ ಮೇಲೆ ನಿಂತು ಹಿಮ್ಮಡಿಯಿಂದ ಎರಡು ಸಲ ಕುಟ್ಟಿದಳು. ಕೆಳಗಿನಿಂದ ಟೊಳ್ಳು ಸದ್ದು ಬಂತು.

ಆ ಮನೆಯನ್ನು ಬಿಟ್ಟುಕೊಡುವ ಸ್ಥಿತಿಯಲ್ಲೂ ಅವಳಿರಲಿಲ್ಲ. ಗಂಡನಿಂದ ಬೇರೆಯಾಗಿ, ಏಳು ವರ್ಷದ ಮಗಳು ತನುಶ್ರೀಯ ಕೈಹಿಡಿದು ತುಮಕೂರಿನಿಂದ ಬಂದವಳು. ದಾವಣಗೆರೆಯ ಲ್ಯಾಬೊಂದರಲ್ಲಿ ರಕ್ತ ತೆಗೆಯುವ ಕೆಲಸ ಸಿಕ್ಕಿತ್ತು. ಅಕ್ಕನ ಮನೆಯಲ್ಲಿ ಇರೋಣವೆಂದರೆ ಎರಡು ಕೋಣೆ, ಏಳು ಜನ. ಊರೆಲ್ಲ ಸುತ್ತಿ ಹದಿನಾಲ್ಕು ಮನೆ ನೋಡಿದ್ದಳು. “ಯಜಮಾನ್ರು ಎಲ್ಲಿ?” ಎಂಬ ಪ್ರಶ್ನೆಗೆ ಅವಳು ಕೊಟ್ಟ ಉತ್ತರ ಕೇಳಿ ಹದಿಮೂರು ಬಾಗಿಲು ಮುಚ್ಚಿದ್ದವು. ಇಲ್ಲಿ ಮಾತ್ರ ಮಾಲೀಕರಾದ ನಿರ್ಮಲಮ್ಮ, ಹಣೆ ತುಂಬ ವಿಭೂತಿ ಧರಿಸಿದ ಅರವತ್ತು ದಾಟಿದ ವಿಧವೆ, ಏನನ್ನೂ ಕೇಳದೆ ಕೀಲಿ ಕೊಟ್ಟಿದ್ದರು. ಒಳಗೆ ಮಾತ್ರ ಬರಲಿಲ್ಲ. ಅಂಗಳದಲ್ಲೇ ನಿಂತು ಕೊಟ್ಟು ಹೋದರು.

ಹಳೆಯ ಕಾಲದ ಮನೆ. ನಡುಮನೆಗೆ ಕಿಟಕಿಯಿಲ್ಲ, ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಸಂಜೆಯ ಮಬ್ಬು. ಬೆಳಿಗ್ಗೆ ಓಣಿಯ ಕೊನೆಯ ಮಂಡಕ್ಕಿ ಭಟ್ಟಿಯಿಂದ ಹುರಿದ ಅಕ್ಕಿಯ ಬೆಚ್ಚನೆ ವಾಸನೆ ತೇಲಿಬಂದು ಬಾಗಿಲವರೆಗೆ ಬಂದು ನಿಲ್ಲುತ್ತಿತ್ತು. ಒಳಗಿನದು ಬೇರೆಯದೇ ವಾಸನೆ. ಹಸಿ ಸುಣ್ಣ, ಅದರಡಿಯಲ್ಲಿ ಸುಟ್ಟ ಕೂದಲು. ಎಷ್ಟು ಫಿನೈಲ್ ಹಾಕಿ ಒರೆಸಿದರೂ ಹೋಗಲಿಲ್ಲ. ಹೋಗದಿದ್ದರೂ ಅದು ಅಭ್ಯಾಸವಾಯಿತು. ತನು ಶಾಲೆಗೆ ಸೇರಿದಳು, ಗೆಳತಿಯರಾದರು, ಗೋಡೆಯ ಮೇಲೆ ತನ್ನ ಎತ್ತರದ ಗೆರೆ ಎಳೆದಳು.

ಹತ್ತನೆಯ ತಿಂಗಳ ಕೊನೆಗೆ ನಿರ್ಮಲಮ್ಮ ಬಂದರು. “ಮುಂದಿನ ತಿಂಗಳು ಖಾಲಿ ಮಾಡ್ರಿ.”

“ಕಾರಣ?”

“ಕಾರಣ ಕೇಳಬ್ಯಾಡ್ರಿ. ನಿಮ್ಮ ಒಳ್ಳೇದಕ್ಕೇ ಹೇಳಾಕತ್ತೀನಿ.”

ನೇತ್ರಾವತಿ ಒಪ್ಪಲಿಲ್ಲ. ಮತ್ತೆ ಹದಿನಾಲ್ಕು ಬಾಗಿಲು ತಟ್ಟುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ವಾರದೊಳಗೆ ನೀರು ನಿಂತಿತು. ಆಮೇಲೆ ಕರೆಂಟು. ಲ್ಯಾಬಿನಲ್ಲಿ ಯಾರೋ ಹೇಳಿದರೆಂದು ಅವಳು ಕೋರ್ಟಿನ ಆವರಣದಲ್ಲಿದ್ದ ಕಾನೂನು ಸೇವಾ ಕಚೇರಿಗೆ ಹೋದಳು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ಅಲ್ಲಿ ಸಿಕ್ಕ ವಕೀಲೆ ಅಂಬಿಕಾ ಕಾಗದಪತ್ರಗಳನ್ನೆಲ್ಲ ತಾಳ್ಮೆಯಿಂದ ಓದಿದಳು.

“ಅಗ್ರಿಮೆಂಟ್ ಮುಗೀತು ಅಂತ ಕೈಹಿಡಿದು ಹೊರಗೆ ಹಾಕಾಕೆ ಬರಲ್ರಿ. ಕೋರ್ಟಿಗೆ ಬಂದು ಆದೇಶ ತರ್ಬೇಕು. ನೀರು, ಕರೆಂಟು ನಿಲ್ಲಿಸಿದ್ದು ತಪ್ಪು. ನೀವು ಹೆದರಬ್ಯಾಡ್ರಿ.”

ಹಾಗೆ ಯಾರಾದರೂ ಹೇಳಿ ಎಷ್ಟು ವರ್ಷವಾಗಿತ್ತೋ! ನೇತ್ರಾವತಿ ಅಲ್ಲೇ ಕುಳಿತು ಅತ್ತಳು. ಹದಿನೈದು ದಿನದಲ್ಲಿ ತಡೆಯಾಜ್ಞೆ ಸಿಕ್ಕಿತು, ನೀರು ಬಂತು, ದೀಪ ಹತ್ತಿತು. ಕೋರ್ಟಿನ ಮೆಟ್ಟಿಲಲ್ಲಿ ನಿರ್ಮಲಮ್ಮ ಎದುರಾದಾಗ ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ, ಬೆವರಿತ್ತು.

“ಹುಡುಗೀನಾದ್ರೂ ಬ್ಯಾರೆ ಕಡೆ ಕಳಿಸ್ರಿ,” ಎಂದರು ಮೆಲ್ಲಗೆ.

“ಬೆದರಿಕೆನಾ?” ಎಂದಳು ನೇತ್ರಾವತಿ. ನಿರ್ಮಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಮೆಟ್ಟಿಲಿಳಿದು ಹೋದರು.

ಹನ್ನೆರಡನೆಯ ತಿಂಗಳ ಮೊದಲ ದಿನ ಸೋಮವಾರ. ತನು ಬ್ಯಾಗು ಬೆನ್ನಿಗೇರಿಸಿ, ಬೂಟು ಹಾಕಿ, ಬಾಗಿಲಿಗೆ ಬಂದು ನಿಂತುಬಿಟ್ಟಳು.

“ನಡಿಯೇ, ಆಟೊ ಬಂತು.”

“ಕಾಲು ಬರ್ತಿಲ್ಲಮ್ಮ.”

ಆಟವಾಡುತ್ತಿದ್ದಾಳೆ ಎಂದುಕೊಂಡ ನೇತ್ರಾವತಿ ಮಗಳನ್ನು ಎತ್ತಿಕೊಂಡು ಹೊರಟಳು. ಹೊಸ್ತಿಲ ಮೇಲೆ ಬಂದೊಡನೆ ಆ ಪುಟ್ಟ ದೇಹ ನೆನೆದ ಮರಳಿನ ಮೂಟೆಯಂತೆ ಭಾರವಾಯಿತು. ಮರುಕ್ಷಣ ತನು ಚೀರಿದಳು. ಮೂಗಿನಿಂದ ರಕ್ತ ಸುರಿಯಿತು. ಹಿಂದಕ್ಕೆ ಒಂದು ಹೆಜ್ಜೆ ಇಟ್ಟದ್ದೇ ತಡ, ನಿಂತಿತು. ಹಿತ್ತಲ ಬಾಗಿಲಲ್ಲೂ ಅದೇ. ಅಡುಗೆಮನೆಯ ಕಿಟಕಿಯಲ್ಲೂ ಅದೇ.

ಮನೆಗೇ ಬಂದ ಡಾಕ್ಟರು ಮಗು ಹೆದರಿದೆ ಎಂದರು. ಅಂಬಿಕಾ ಬಂದು ಬಹಳ ಹೊತ್ತು ಹೊಸ್ತಿಲನ್ನು ನೋಡುತ್ತ ನಿಂತಳು. “ಹೊರಗೆ ಹಾಕೋರನ್ನ ತಡೀಬಹುದು ಅಕ್ಕಾ. ಇದಕ್ಕೆ ಯಾವ ಅರ್ಜಿ ಬರೀಲಿ?” ಎಂದು ತಲೆತಗ್ಗಿಸಿದಳು.

ಐದನೆಯ ದಿನಕ್ಕೆ ತನು ಊಟ ಬಿಟ್ಟಳು. ಮಟಮಟ ಮಧ್ಯಾಹ್ನ ಗೋಡೆಯ ಸುಣ್ಣ ಕೆರೆದು ನೆಕ್ಕುತ್ತಿದ್ದಳು. ಮೈ ತಣ್ಣಗೆ, ತುಟಿ ಬಿಳಿ, ಕೂದಲಿನಲ್ಲಿ ಆ ಸುಟ್ಟ ವಾಸನೆ. ಹೊಸ್ತಿಲ ಕೆಳಗಿನಿಂದ ಯಾರೋ ಮೊಳೆ ಹೊಡೆಯುವ ಸದ್ದು ಕೇಳತೊಡಗಿತು. ಠಕ್. ಠಕ್. ಪ್ರತಿ ಪೆಟ್ಟಿಗೂ ಮಗುವಿನ ಕಾಲ್ಬೆರಳುಗಳು ಮಿಡುಕುತ್ತಿದ್ದವು.

ಮಗಳನ್ನು ಹರಿಹರದಿಂದ ಬಂದಿದ್ದ ಅಕ್ಕನಿಗೆ ಒಪ್ಪಿಸಿ ನೇತ್ರಾವತಿ ದೇವರಾಜ ಅರಸು ಬಡಾವಣೆಯಲ್ಲಿದ್ದ ನಿರ್ಮಲಮ್ಮನ ಮನೆಗೆ ಓಡಿದಳು. ಅವರ ಕಾಲು ಹಿಡಿದುಕೊಂಡಳು.

“ನಮ್ಮ ಮಾವ ಮಾಡಿಸಿದ್ದು,” ಎಂದರು ಅವರು, ಗೋಡೆ ನೋಡುತ್ತ. “ಆಗ ಓಬಯ್ಯ ಅಂತ ಒಬ್ಬ ಬಡಿಗೇರ ಬಾಡಿಗೆಗಿದ್ದ. ಹನ್ನೊಂದು ತಿಂಗಳು ಮುಗೀತು, ಖಾಲಿ ಮಾಡು ಅಂದ್ರೆ, ಹೆಂಡ್ತಿ ಬಾಣಂತಿ, ಮೂರು ತಿಂಗಳು ಟೈಮ್ ಕೊಡ್ರಿ ಅಂದ. ಮಾವ ಕೊಡಲಿಲ್ಲ. ಅವರನ್ನ ಎಬ್ಬಿಸಾಕೆ ಅಂತ ಹೊಸ್ತಿಲ ಕೆಳಗೆ ಮಾಟ ಹೂಳಿಸಿದ್ರು. ಅದು ಉಲ್ಟಾ ಹೊಡೀತು. ಓಡಿಸೋದರ ಬದಲಿ ಹಿಡಕೊಂಡು ಕುಂತಿತು. ಕೂಸು, ಬಾಣಂತಿ, ಅವನು, ಮೂರೂ ಜನ ಬಾಗಿಲು ತೆರೆದೇ ಇದ್ದ ಮನೆಯಾಗೆ ಒಣಗಿ ಸತ್ರು. ಕಿತ್ತು ತೆಗೀತೀನಿ ಅಂತ ಹಾರೆ ಹಾಕಿದ ನನ್ನ ಯಜಮಾನ್ರು ಅಲ್ಲೇ ಬಿದ್ರು.”

“ಮೊದಲೇ ಹೇಳಬಾರದಿತ್ತಾ?”

“ಹೇಳಿದ್ರೆ ಯಾರು ಬರ್ತಾರ? ನನಗೂ ಹೊಟ್ಟೆ ಐತಲ್ಲ.”

“ಅವಳನ್ನೇ ಯಾಕೆ ಹಿಡೀತು? ನಾನು ಓಡಾಡ್ತಿದ್ದೀನಲ್ಲ!”

“ಅದು ಸಣ್ಣೋರನ್ನೇ ಮೊದಲು ಹಿಡಿಯೋದು. ಆಮೇಲೆ ದೊಡ್ಡೋರು ತಾವಾಗೇ ಬಿಟ್ಟು ಹೋಗಲ್ಲ.” ನಿರ್ಮಲಮ್ಮ ಈಗ ಅವಳ ಕಡೆ ತಿರುಗಿದರು. “ಒಬ್ರ ಬದಲಿ ಒಬ್ರು ಇದ್ರೆ ಬಿಡತೈತೆ. ನಡು ಮಧ್ಯಾಹ್ನ ಹೊಸ್ತಿಲಿಗೆ ನಿಮ್ಮ ರಕ್ತ ಹಾಕಿ, ನಾನಿರ್ತೀನಿ ಅನ್ರಿ. ಆದ್ರೆ ಬಿಡಿಸಿಕೊಂಡು ಹೋದೋರ ತಲೆಯಾಗೆ ಒಳಗೆ ಉಳಿದೋರು ಉಳಿಯಲ್ಲ. ಅದನ್ನೂ ಅದು ಇಟ್ಟುಕೊಂತೈತೆ.”

ಮರುದಿನ ಮಧ್ಯಾಹ್ನ. ಓಣಿಯಲ್ಲಿ ನೊಣದ ಸದ್ದೂ ಇಲ್ಲ. ಕಮಲಕ್ಕ ಹೊರಗೆ, ಅಂಗಳದಲ್ಲಿ, ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು.

ನೇತ್ರಾವತಿ ಬಾಗಿಲೊಳಗೆ ಕುಳಿತು ತನ್ನ ತೋಳಿಗೆ ತಾನೇ ರಬ್ಬರ್ ಪಟ್ಟಿ ಬಿಗಿದಳು. ದಿನಕ್ಕೆ ಅರವತ್ತು ಜನರ ನರ ಹುಡುಕುವ ಕೈ. ಇಂದು ಮೂರು ಸಲ ತಪ್ಪಿತು. ನಾಲ್ಕನೆಯದಕ್ಕೆ ಸಿರಿಂಜು ಕೆಂಪಾಯಿತು. ಅದಕ್ಕೂ ಮೊದಲು ಮಗಳನ್ನು ಅಪ್ಪಿಕೊಂಡು ಹೇಳಬೇಕಾದ್ದನ್ನೆಲ್ಲ ಹೇಳಿದ್ದಳು. ಯಾವುದೂ ಉಳಿಯುವುದಿಲ್ಲವೆಂದು ತಿಳಿದೇ ಹೇಳಿದ್ದಳು. ಹಲ್ಲುಜ್ಜು. ದೊಡ್ಡಮ್ಮನ ಮಾತು ಕೇಳು. ಕತ್ತಲಿಗೆ ಹೆದರಬೇಡ.

ಎದ್ದು ನಿಂತು ಸಿರಿಂಜು ಒತ್ತಿದಳು. ರಕ್ತ ಹೊಸ್ತಿಲ ಮೇಲೆ ಬಿತ್ತು.

“ಅವಳ ಬದಲು ನಾನಿರ್ತೀನಿ.”

ಮರ ಹೀರಿತು. ಕಲೆಯೂ ಉಳಿಯಲಿಲ್ಲ. ಮೊಳೆಯ ಸದ್ದು ನಿಂತಿತು. ನಡುಮನೆಯ ಕತ್ತಲು ಎದ್ದು ಬಂತು. ಬೆನ್ನಿಗೆ ತಗುಲಿತು. ತಣ್ಣಗೆ. ಸುಣ್ಣದ ವಾಸನೆ ಗಂಟಲಿಗಿಳಿಯಿತು. ಠಕ್! ಎಡಗಾಲಿನಲ್ಲಿ ಉರಿ. ಠಕ್! ಬಲಗಾಲು ನೆಲಕ್ಕೆ ಅಂಟಿತು.

“ಓಡು ತನು! ಓಡು!”

ತನು ಓಡಿದಳು. ಹೊಸ್ತಿಲು ದಾಟಿದಳು. ಬಿಸಿಲಿಗೆ ಬಿದ್ದಳು. ಕಮಲಕ್ಕ ಬಾಚಿ ಎತ್ತಿಕೊಂಡಳು.

ಸ್ವಲ್ಪ ಹೊತ್ತು ಮಗು ದೊಡ್ಡಮ್ಮನ ಹೆಗಲಲ್ಲಿ ಮುಖ ಹುದುಗಿಸಿತ್ತು. ತುಟಿಗೆ ಮೆಲ್ಲಗೆ ಬಣ್ಣ ಬಂತು. ಆಮೇಲೆ ತಲೆಯೆತ್ತಿ, ಬಾಗಿಲೊಳಗೆ ಮಬ್ಬಿನಲ್ಲಿ ನಿಂತು ಅಳುತ್ತಿದ್ದ ಹೆಂಗಸನ್ನು ಕುತೂಹಲದಿಂದ ನೋಡಿತು.

“ದೊಡ್ಡಮ್ಮ, ಅವ್ರು ಯಾರು?”

ಕಮಲಕ್ಕ ತಂಗಿಯ ಕಡೆ ನೋಡಿದಳು. ನೇತ್ರಾವತಿ ಬಾಗಿಲ ಚೌಕಟ್ಟು ಹಿಡಿದು, ಕಣ್ಣೊರೆಸಿಕೊಂಡು, ನಗಲು ಪ್ರಯತ್ನಿಸಿದಳು.

“ನಾನು ಈ ಮನೆ ಬಾಡಿಗೆಯವಳು, ಪುಟ್ಟಾ.”

ಹರಿಹರದ ಕಡೆ ಹೊರಟ ಆಟೊದಿಂದ ತನು ಅವಳಿಗೆ ಒಮ್ಮೆ ಕೈಬೀಸಿದಳು, ದಾರಿಯಲ್ಲಿ ಕಂಡ ಯಾರಿಗಾದರೂ ಮಕ್ಕಳು ಬೀಸುವ ಹಾಗೆ.